ಒಗರು ನೋಡುತ್ತಿದ್ದ ಮನುಷ್ಯ

ಗೂಳೂರಿನ ಗಂಗಮ್ಮ ಹೋದ ವಾರ ತುಮಕೂರಿನ ನಮ್ಮ ಅಂಗಡಿಗೆ ಬಂದಿದ್ದಳು. ಮಗಳ ಮನೆ ಮುಂದೆ ನಾಲ್ಕು ಕುಂಡ ಇಟ್ಟಿದ್ದಾರಂತೆ, ಅದಕ್ಕೆ ಅರ್ಧ ಚೀಲ ತೆಂಗಿನ ನಾರಿನ ಪುಡಿ ಬೇಕಾಗಿತ್ತು. ಚೀಲ ತಲೆ ಮೇಲೆ ಇಟ್ಟುಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ, "ಅಣ್ಣ, ಚಾಚಾ ಹೋಗ್ಬುಟ್ರಂತೆ. ಗೊತ್ತಾಯ್ತಾ ನಿಮ್ಗೆ?" ಅಂದಳು.

"ಯಾವಾಗ?"

"ಆಗ್ಲೇ ಮೂರು ತಿಂಗ್ಳಾಯ್ತಂತೆ, ಕುಣಿಗಲ್‌ನಾಗೆ. ನಿಮ್ಗೆ ಯಾರೂ ಹೇಳ್ಲಿಲ್ವಾ?"

ನನಗೆ ಯಾರು ಹೇಳಬೇಕು, ಯಾಕೆ ಹೇಳಬೇಕು? ಅವಳು ನನ್ನ ಮುಖ ನೋಡಿದಳು, ನಾನು ತಕ್ಕಡಿ ನೋಡಿದೆ. ಅವಳು ಹೋದಳು.

ಚಾಚಾ ಅಂತ ಇಲ್ಲಿ ಬರೆಯುತ್ತೇನೆ, ಹೆಸರು ಬೇಡ. ಅವರ ಮಕ್ಕಳು ಇದ್ದಾರೆ, ನನ್ನ ಬರಹದಲ್ಲಿ ಅವರ ತಂದೆಯ ಹೆಸರು ಕಂಡರೆ ಸಂತೋಷಪಡುವವರಲ್ಲ. ಹೆಂಗಸರು ಗಂಡಸರು ಅನ್ನದೆ ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದೆವು. ಅವರು ಮಾತ್ರ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. "ಏ ಗೂಳೂರು, ಆ ಟ್ರೇ ಇತ್ಲಾಗ್ ತಾರಮ್ಮ." "ಬೆಳ್ಳಾವಿ ಎಲ್ಲೋ ಹೋದ ಇವತ್ತು?" ನಾನು ಗುಬ್ಬಿ. "ಏನ್ ಗುಬ್ಬಿ, ಏನ್ ಕಸ ತಂದಿದೀಯಾ ಇವತ್ತು?" ಇದು ಅವರ ನಮಸ್ಕಾರ.

ಅವರ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಆಗ, ಎಂಬತ್ತರ ದಶಕದಲ್ಲಿ, ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ರಸ್ತೆಯಲ್ಲಿ ಹೊಸದಾಗಿ ಒಂದು ಲ್ಯಾಬ್ ಶುರುವಾಗಿತ್ತು. ಮನೆಯೊಳಗೆ ಇಡುವ ಅಲಂಕಾರದ ಗಿಡಗಳು, ಆಂಥೂರಿಯಂ, ಫಿಲೊಡೆಂಡ್ರಾನ್, ಸಿಂಗೋನಿಯಂ, ಇಂಥವನ್ನು ಗಾಜಿನ ಬಾಟಲಿಯೊಳಗೆ ಬೆಳೆಸುವ ಲ್ಯಾಬು. ಒಂದು ಚೂರು ಎಲೆಯೋ ಮೊಗ್ಗೋ ಹಾಕಿದರೆ ಬಾಟಲಿ ತುಂಬ ಮರಿಗಿಡ. ನೋಡೋಕೆ ಚೆಂದ. ಆದರೆ ಬಾಟಲಿಯಿಂದ ಹೊರಗೆ ತೆಗೆದ ತಕ್ಷಣ ಅದರಷ್ಟು ಕೈಲಾಗದ ಪ್ರಾಣಿ ಇನ್ನೊಂದಿಲ್ಲ. ಬಿಸಿಲು ಕಂಡಿಲ್ಲ, ಗಾಳಿ ಕಂಡಿಲ್ಲ, ಸಕ್ಕರೆ ಹಾಕಿದ ಜೆಲ್ಲಿ ತಿಂದುಕೊಂಡು ಬೆಳೆದದ್ದು. ಬೇರು ಅಂದರೆ ಗಾಜಿನ ದಾರ. ಅದನ್ನು ಲೋಕಕ್ಕೆ ಹೊಂದಿಸಬೇಕು. ಅದಕ್ಕೊಂದು ಪಾಲಿಥಿನ್ ಷೆಡ್ಡು. ಒಳಗೆ ಸದಾ ಮಂಜಿನಂಥ ತೇವ, ಮೇಲೆ ನೆರಳಿನ ಬಲೆ. ಕೆಲಸದ ಹೆಂಗಸರು ಅದಕ್ಕೆ ಬಾಣಂತಿ ಕೋಣೆ ಅಂತ ಹೆಸರಿಟ್ಟಿದ್ದರು. ಆ ಕೋಣೆಯ ಯಜಮಾನ ಚಾಚಾ. ಮರಿಗಿಡಕ್ಕೆ ಮೊದಲ ಮಣ್ಣು ಯಾವುದು ಅಂತ ತೀರ್ಮಾನ ಮಾಡುವವರು ಅವರು. ಮಣ್ಣು ಅಂತ ಬಾಯಿಮಾತಿಗೆ ಅಂದೆ. ಅದರಲ್ಲಿ ಮಣ್ಣು ಒಂದು ಚಿಟಿಕೆಯೂ ಇರುತ್ತಿರಲಿಲ್ಲ. ತೆಂಗಿನ ನಾರಿನ ಪುಡಿ, ತೊಳೆದ ಹೊಳೆಮರಳು, ಸುಟ್ಟ ಭತ್ತದ ಹೊಟ್ಟು. ಆಂಥೂರಿಯಂ ಆದರೆ ಇಟ್ಟಿಗೆ ಚೂರೂ ಬೇಕು.

ಆ ನಾರಿನ ಪುಡಿ ನಾನು ಕೊಡುತ್ತಿದ್ದದ್ದು.

ನಾನು ಯಾರ ಆಸ್ತಿಯಿಂದಲೂ ಮೇಲೆ ಬಂದವನಲ್ಲ. ಗುಬ್ಬಿಯ ಸುತ್ತಮುತ್ತ ನಾರಿನ ಫ್ಯಾಕ್ಟರಿಗಳಿದ್ದವು. ಕಾಯಿ ಸುಲಿದ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಕೆಂಪು ಪುಡಿಯನ್ನು ರಸ್ತೆ ಪಕ್ಕ ಗುಡ್ಡೆ ಹಾಕುತ್ತಿದ್ದರು. ಮಳೆ ಬಂದರೆ ಕೊಳೆಯೋದು, ಬಿಸಿಲಿಗೆ ಒಣಗಿ ಹಾರೋದು, ಎಲ್ಲರೂ ಬೈಯೋರು. ಎತ್ತಿಕೊಂಡು ಹೋದರೆ ಸಾಕು ಅನ್ನುತ್ತಿದ್ದರು ಫ್ಯಾಕ್ಟರಿಯವರು. ಎತ್ತಿಕೊಂಡು ಹೋಗುವುದಕ್ಕೇ ಅವರ ಹತ್ತಿರ ಚೌಕಾಸಿ ಮಾಡಿ ಖಾಲಿ ಚೀಲವನ್ನೂ ಇಸಕೊಂಡವನು ನಾನು. ಎಲ್ಲರೂ ಮೂಗು ಮುಚ್ಚಿಕೊಂಡು ಹೋಗುವ ಗುಡ್ಡೆಯ ಮುಂದೆ ನಿಂತು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ಈಗಲೂ ನಾನು ಹೇಳುವುದು ಇಷ್ಟೇ.

ಲ್ಯಾಬಿಗೆ ಮೊದಲ ಲೋಡು ತಗೊಂಡು ಹೋದ ದಿನ ಚಾಚಾ ಹೊರಗೆ ಬಂದರು. ತೆಳ್ಳಗೆ, ಉದ್ದಕ್ಕೆ, ಐವತ್ತು ದಾಟಿದ ಆಳು. ಲುಂಗಿ ಮೇಲಕ್ಕೆ ಕಟ್ಟಿದ್ದರು. ಚೀಲಕ್ಕೆ ಕೈ ಹಾಕಿ ಒಂದು ಚಿಟಿಕೆ ಪುಡಿ ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟರು! ನಾನು ದಂಗಾದೆ. ಎರಡು ಸಲ ನಾಲಿಗೆ ಆಡಿಸಿ, ಪಕ್ಕಕ್ಕೆ ಉಗುಳಿ, "ವಾಪಸ್ ತಗೊಂಡ್ ಹೋಗು" ಅಂದರು.

ಬೆಲೆ ಇಳಿಸೋಕೆ ನಾಟಕ ಅಂತ ತಿಳಿದೆ ನಾನು. "ನೋಡಿ ಚಾಚಾ, ಮೊದಲನೇ ಲೋಡು, ಒಂದಷ್ಟು ಬಿಟ್ಕೊಡ್ತೀನಿ ಬಿಡಿ" ಅಂದೆ.

"ದುಡ್ಡು ಕಮ್ಮಿ ಮಾಡಿದ್ರೆ ಒಗರು ಕಮ್ಮಿ ಆಗ್ತದೇನಪ್ಪಾ?"

"ಒಗರು ಅಂದ್ರೆ?"

"ಇದು ಚರ್ಮ ಹದ ಮಾಡೋ ಮಾಲು. ಎಳೇ ಬೇರು ಚರ್ಮ ಅಲ್ಲ."

ಕೆಲಸದ ಹೆಂಗಸರು ಕಿಸಕ್ಕನೆ ನಕ್ಕರು. ಇಡೀ ಲೋಡು ಗುಬ್ಬಿಗೆ ವಾಪಸ್ ಬಂತು. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ.

ಆಮೇಲೆ ಗೊತ್ತಾಯಿತು. ಅವರ ತಂದೆ ಕುಣಿಗಲ್‌ನಲ್ಲಿ ಚರ್ಮ ಹದ ಮಾಡುವ ಕೆಲಸದಲ್ಲಿದ್ದವರು. ತಂಗಡಿ ಗಿಡದ ತೊಗಟೆ ನೆನೆಹಾಕಿದ ನೀರಿನಲ್ಲಿ ತೊಗಲು ಅದ್ದುವುದು, ದಿನ ದಿನಕ್ಕೆ ನೀರಿನ ಒಗರು ನೋಡುವುದು. ಒಗರು ಇಳಿದರೆ ಹೊಸ ತೊಗಟೆ ಹಾಕಬೇಕು. ಆ ರುಚಿ ನೋಡುವ ಕೆಲಸ ಮಗನದು. ಹತ್ತು ವರ್ಷದವರಿದ್ದಾಗಿನಿಂದ ಅವರ ನಾಲಿಗೆ ಇದರಲ್ಲೇ ಪಳಗಿತ್ತು. ತೆಂಗಿನ ಮಟ್ಟೆಯಲ್ಲೂ ಅದೇ ಒಗರು ಇದೆ ಅಂತ ಲ್ಯಾಬಿನ ಪುಸ್ತಕ ಓದಿದವರಿಗೆ ಗೊತ್ತಿತ್ತೋ ಇಲ್ಲವೋ, ಇವರಿಗೆ ಗೊತ್ತಿತ್ತು. "ನಮ್ಮಪ್ಪನಿಗೆ ಒಗರು ಬೇಕಾಗಿತ್ತು, ನನಗೆ ಬೇಡ. ಮಿಕ್ಕಿದ್ದೆಲ್ಲ ಒಂದೇ ಕೆಲಸ" ಅನ್ನುತ್ತಿದ್ದರು.

ಅವರ ಕಾನೂನು ಹೀಗಿತ್ತು. ಪುಡಿ ಒಂದು ವರ್ಷ ಗುಡ್ಡೆಯಲ್ಲಿ ಮಾಗಿರಬೇಕು. ಕೆಂಪು ಹೋಗಿ ಕಪ್ಪಿಗೆ ತಿರುಗಿರಬೇಕು. ಆಮೇಲೆ ತೊಟ್ಟಿಗೆ ಹಾಕಿ ಏಳು ನೀರಿನಲ್ಲಿ ತೊಳೆಯಬೇಕು. ಮೊದಲ ನೀರು ಟೀ ಡಿಕಾಕ್ಷನ್ ಬಣ್ಣ, ಮೂರನೆಯದು ಜೇನಿನ ಬಣ್ಣ, ಐದನೆಯದು ನೋಡೋಕೆ ಶುದ್ಧ. ಅಲ್ಲೇ ಎಲ್ಲರೂ ಮೋಸ ಹೋಗುವುದು. ಕಣ್ಣಿಗೆ ಶುದ್ಧ ಕಂಡರೂ ನಾಲಿಗೆಗೆ ಹಿಡಿಯುತ್ತದೆ. ತೊಳೆದ ಪುಡಿ ಒಂದು ಹಿಡಿ ಲೋಟಕ್ಕೆ ಹಾಕಿ, ನೀರು ಹುಯ್ದು, ಒಂದರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಸೋಸಿ ಆ ನೀರನ್ನು ಬಾಯಿಗೆ ಹಾಕಿಕೊಳ್ಳುವರು. ಸಪ್ಪೆ ಅಂದರೆ ಇಳಿಸಿಕೊಳ್ಳಿ. ಒಗರು ಅಂದರೆ ವಾಪಸ್. ನಡುವೆ ಏನೂ ಇಲ್ಲ. ನರ್ಸರಿ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ. ನಾನು ದುಡಿದದ್ದೆಲ್ಲ ಈ ಮಾತಿನಿಂದಲೇ.

ಇನ್ನೊಂದು, ಮುಷ್ಟಿ ಪರೀಕ್ಷೆ. ಮರಳು ಹೊಟ್ಟು ಎಲ್ಲ ಬೆರೆಸಿದ ಮೇಲೆ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಬೇಕು. ನೀರು ತೊಟ್ಟಿಕ್ಕಬಾರದು. ಮುಷ್ಟಿ ಬಿಚ್ಚಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಮ್ಯಾನೇಜರು ಓದಿದವರು. ಅವರು ಇದನ್ನೆಲ್ಲ ನೋಡಿ ಎಷ್ಟು ಪಾಲು ಪುಡಿ, ಎಷ್ಟು ಪಾಲು ಮರಳು ಅಂತ ಟೈಪ್ ಮಾಡಿಸಿ ಷೆಡ್ಡಿನ ಬಾಗಿಲಿಗೆ ಅಂಟಿಸಿದರು. ಚಾಚಾ ಅದರ ಮೇಲೆ ಅಂಗಿ ನೇತುಹಾಕುತ್ತಿದ್ದರು. "ಮಳೆಗಾಲಕ್ಕೂ ಅದೇ ಲೆಕ್ಕ, ಬೇಸಿಗೆಗೂ ಅದೇ ಲೆಕ್ಕನಾ? ಈ ಚೀಟಿಗೆ ಸೆಕೆ ಆಗಲ್ಲ, ಗಿಡಕ್ಕೆ ಆಗ್ತದೆ" ಅನ್ನುವರು. ಮ್ಯಾನೇಜರ ಕಿವಿಗೆ ಬೀಳುವ ಹಾಗೆಯೇ ಅನ್ನುವರು.

ಒಳ್ಳೆಯವರು ಅಂತ ಬರೆದುಬಿಟ್ಟರೆ ಸುಳ್ಳಾಗುತ್ತದೆ. ಜಂಬ ಇತ್ತು. ಹಟ ಇತ್ತು. ಕಲಿಯೋಕೆ ಬಂದ ಡಿಪ್ಲೊಮಾದವರಿಗೆ ಏನೂ ಹೇಳಿಕೊಡುತ್ತಿರಲಿಲ್ಲ, "ಕೈ ಕೊಳೆ ಮಾಡ್ಕೊಂಡು ಬನ್ನಿ, ಆಮೇಲೆ ಮಾತಾಡಣ" ಅನ್ನುವರು. ನಾಲಿಗೆಯ ಮೇಲಂತೂ ಅವರಿಗಿದ್ದ ಅಭಿಮಾನ ಹೇಳತೀರದು. ಎಲೆಅಡಿಕೆ ಇಲ್ಲ, ಬೀಡಿ ಇಲ್ಲ, ಊಟದ ಡಬ್ಬಿಯಲ್ಲಿ ಖಾರ ಇಲ್ಲ. ಅವರ ಮನೆಯ ಮದುವೆಗೇ ಹೋಗಿದ್ದೆ, ಎಲ್ಲರೂ ಬಿರಿಯಾನಿ ತಿನ್ನುವಾಗ ಇವರು ಮೊಸರನ್ನ ಕಲಸಿಕೊಂಡು ಕೂತಿದ್ದರು. ಹೆಂಡತಿ, "ಇವರಿಗೆ ಅಡುಗೆ ಮಾಡೋದೂ ಒಂದೇ, ಆಸ್ಪತ್ರೆಗೆ ಗಂಜಿ ಕಾಯಿಸೋದೂ ಒಂದೇ" ಅಂತ ನನ್ನ ಮುಂದೆಯೇ ಹೇಳಿದರು. ಚಾಚಾಗೆ ಅದೂ ಹೊಗಳಿಕೆ.

ಆದರೆ ಕೆಲಸದ ಹೆಂಗಸರನ್ನು ಅವರು ಬೈದದ್ದು ನಾನು ಕೇಳಿಲ್ಲ. ಬಾಟಲಿಯಿಂದ ತೆಗೆದ ಮರಿಗಿಡದ ಬೇರಿಗೆ ಜೆಲ್ಲಿ ಅಂಟಿರುತ್ತದೆ. ಅದನ್ನು ಚೂರೂ ಬಿಡದೆ ತೊಳೆಯಬೇಕು. ಗಂಗಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಪ್ರತಿ ಗಿಡಕ್ಕೂ ಬೇಕಂತಲೇ ಒಂದು ಚೂರು ಜೆಲ್ಲಿ ಉಳಿಸಿ ನೆಡುತ್ತಿದ್ದಳು. ನಾಲ್ಕು ದಿನಕ್ಕೆ ಟ್ರೇ ತುಂಬ ಬಿಳೀ ಬೂಷ್ಟು. ಯಾಕಮ್ಮಾ ಹೀಗೆ ಮಾಡಿದೆ ಅಂದರೆ, "ಇಷ್ಟ್ ದಿನ ಅದನ್ನೇ ಕುಡ್ಕಂಡ್ ಬೆಳ್ದವೆ ಚಾಚಾ. ಒಂದೇ ಸಲ ಹಾಲು ಬುಡಿಸಿದ್ರೆ ಪಾಪ ಅಲ್ವಾ?" ಅಂದಳು.

ಚಾಚಾ, "ಗೂಳೂರು, ನಿಮ್ಮನೇಲಿ ಹಬ್ಬಕ್ಕೆ ಪಾಯಸ ಮಾಡಿದಾಗ ಒಂದು ಲೋಟ ಎತ್ತಿಡು. ಮೂರು ದಿನ ಮುಚ್ಚಿಟ್ಟು ತಗೊಂಡ್ ಬಾ. ಇಬ್ರೂ ಕುಡಿಯಣ" ಅಂದರು. ಅವಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಆಮೇಲೆ ಅವಳು ತೊಳೆದ ಬೇರಿಗೆ ಯಾರೂ ತಪ್ಪು ಹುಡುಕಲಿಲ್ಲ.

ಇನ್ನು ಮುಂದಿನದನ್ನು ಬರೆಯಬೇಕು. ಇಲ್ಲದಿದ್ದರೆ ಬರೆಯೋಕೆ ಕೂತದ್ದೇ ದಂಡ.

ಆ ವರ್ಷ ರಂಜಾನ್ ತಿಂಗಳು ಮೇ ತಿಂಗಳ ಉರಿಯಲ್ಲಿ ಬಂತು. ಚಾಚಾ ರೋಜಾ ಉಪವಾಸ ಬಿಟ್ಟವರಲ್ಲ. ಹಗಲಿಡೀ ಒಂದು ಹನಿ ನೀರು ಇಲ್ಲ, ಷೆಡ್ಡಿನೊಳಗೆ ಬೇಯುವ ಸೆಕೆ. ಹಿಂದಿನ ವರ್ಷ ರಂಜಾನಿಗೆ ಮುಂಚೆಯೇ ತಿಂಗಳಿಗಾಗುವಷ್ಟು ಪುಡಿ ನೋಡಿ ಒಳಗೆ ಹಾಕಿಕೊಂಡಿದ್ದರು. ಈ ಸಲ ಬೆಂಗಳೂರಿನ ದೊಡ್ಡ ಗಿರಾಕಿಯೊಬ್ಬರ ಆರ್ಡರು ಬಂದು ಹೊಸದಾಗಿ ಹಾಕಿದ ಇನ್ನೆರಡು ಷೆಡ್ಡೂ ತುಂಬಿದ್ದವು, ಪುಡಿ ಸಾಲದು. ಉಪವಾಸದಲ್ಲಿ ರುಚಿ ನೋಡುವುದು ಹೇಗೆ?

"ನಾಲಿಗೆಗೆ ತಾಗಿಸಿ ಉಗುಳಿದ್ರೆ ಆಗಲ್ವಾ ಚಾಚಾ?" ಅಂತ ನಾನೇ ಕೇಳಿದೆ.

"ಮಸೀದಿ ಹಜ್ರತ್ತನ್ನ ಕೇಳ್ದೆ. ಕಸುಬಿಗೋಸ್ಕರ ಆದ್ರೆ ಪರ್ವಾಗಿಲ್ಲ ಅಂದ್ರು. ನನ್ನ ಗಂಟಲು ಒಪ್ಪಲ್ಲ ಕಣಪ್ಪಾ. ಈ ಬಿಸಿಲಲ್ಲಿ ಬಾಯಿಗೆ ನೀರು ಬಿದ್ರೆ ಅದು ಹೊರಕ್ಕೆ ಬರಲ್ಲ, ಒಳಕ್ಕೇ ಇಳೀತದೆ."

ಬೇರೆಯವರ ಬಾಯಿ ಬೇಕಾಯಿತು. ಗಂಗಮ್ಮ, ಉಳಿದ ಹೆಂಗಸರು, ಎಲ್ಲರದೂ ಎಲೆಅಡಿಕೆ ಬಾಯಿ. ಅಡಿಕೆ ಜಗಿಯುವ ಬಾಯಿಗೆ ಒಗರು ಗೊತ್ತಾಗುವುದಿಲ್ಲ. ಗಂಡಾಳುಗಳೆಲ್ಲ ಬೀಡಿ. ನನಗೆ ಎರಡೂ ಇರಲಿಲ್ಲ. ಸದ್ಗುಣ ಅಂತಲ್ಲ, ಖರ್ಚು ಅಂತ ಬಿಟ್ಟಿದ್ದೆ.

"ಗುಬ್ಬಿ, ಒಂದು ತಿಂಗಳು ನಿನ್ನ ನಾಲಿಗೆ ನನಗೆ ಕೊಡು" ಅಂದರು.

ಯೋಚನೆ ಮಾಡಿ. ಮಾಲು ನನ್ನದು, ಪರೀಕ್ಷೆ ಮಾಡುವ ನಾಲಿಗೆಯೂ ನನ್ನದೇ! ಮಾರುವವನ ಕೈಗೇ ತಕ್ಕಡಿ ಕೊಟ್ಟ ಹಾಗೆ. ಎಂಥ ದಡ್ಡನೂ ಇಂಥ ವ್ಯವಹಾರ ಮಾಡುವುದಿಲ್ಲ. ಅವರು ದಡ್ಡರಲ್ಲ, ನನ್ನನ್ನು ನಂಬಿದ್ದರು ಅಷ್ಟೇ.

ಮೂರು ದಿನ ಕೂರಿಸಿಕೊಂಡು ಕಲಿಸಿದರು. ಮೂರು ಲೋಟ ಸಾಲಾಗಿ ಇಟ್ಟು, ಯಾವುದು ಮೂರನೇ ನೀರು, ಯಾವುದು ಐದು, ಯಾವುದು ಏಳು ಹೇಳು ಅನ್ನುವರು. ಬಾಯಿ ತುಂಬಿಸಬೇಡ, ನಾಲಿಗೆಯ ಅಂಚಿಗೆ ಬಿಡು, ಕೆನ್ನೆಯ ಒಳಗೆ ಹಿಂಡಿದ ಹಾಗಾಗುತ್ತದಾ ನೋಡು. ತಪ್ಪು ಹೇಳಿದರೆ, "ಇನ್ನೊಂದ್ಸಲ." ಗಂಗಮ್ಮ ದೂರದಿಂದಲೇ, "ಏನಣ್ಣೋ, ಕಾಫಿ ಕುಡಿಯೋ ಖರ್ಚೂ ಉಳೀತಾ?" ಅಂತ ಛೇಡಿಸುವಳು. ಮೂರನೇ ದಿನ ಮೂರಕ್ಕೆ ಮೂರೂ ಸರಿ ಹೇಳಿದೆ. "ನಮ್ಮಪ್ಪ ನನ್ನ ಹತ್ರ ಇದನ್ನ ಹೇಳಿಸೋಕೆ ಎರಡು ತಿಂಗಳು ತಗೊಂಡ್ರು" ಅಂದರು ಚಾಚಾ. ಆ ಒಂದು ಮಾತಿಗೆ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತು ಗುಬ್ಬಿ ಬಸ್ಸು ಹತ್ತದೆ ಅರ್ಧ ದಾರಿ ನಡೆದುಕೊಂಡು ಹೋದೆ.

ಮೊದಲ ಎರಡು ಲೋಡು ನ್ಯಾಯವಾಗಿಯೇ ಹೇಳಿದೆ. ಒಂದನ್ನು, ನನ್ನದೇ ಮಾಲನ್ನು, ಒಗರು ಅಂತ ನಾನೇ ವಾಪಸ್ ಕಳಿಸಿದೆ. ಚಾಚಾ ಬೆನ್ನು ತಟ್ಟಿದರು.

ಮೂರನೇ ಲೋಡಿನ ಹೊತ್ತಿಗೆ ಗುಬ್ಬಿಯ ನನ್ನ ಬಾವಿಯಲ್ಲಿ ನೀರು ಇಳಿದುಹೋಗಿತ್ತು. ಪಂಪ್‌ಸೆಟ್ ಹಾಕಿದರೆ ಐದು ನಿಮಿಷಕ್ಕೆ ಗಾಳಿ ಎಳೆಯೋದು. ನಾಲ್ಕು ನೀರು ಕೊಟ್ಟಿದ್ದೆ. ಐದನೆಯದಕ್ಕೆ ಎರಡು ದಿನ ಕಾಯಬೇಕಿತ್ತು. ಅಷ್ಟರಲ್ಲಿ ಬೆಂಗಳೂರಿನ ನರ್ಸರಿಯವನೊಬ್ಬ, ತೊಳೆಯದಿದ್ದರೂ ಸರಿ, ನಾಳೆಯೇ ಒಂದು ಲಾರಿ ಪುಡಿ ಕಳಿಸಿದರೆ ವರ್ಷಪೂರ್ತಿ ನಿನ್ನ ಹತ್ತಿರವೇ ಕೊಳ್ಳುತ್ತೇನೆ ಅಂದಿದ್ದ. ಇರುವುದು ಒಂದೇ ಲಾರಿ. ಲ್ಯಾಬಿನ ಲೋಡು ಇಳಿಸಿ ಅದು ಅವತ್ತೇ ಖಾಲಿಯಾಗಬೇಕು. ಯಾರೂ ನನ್ನ ಕತ್ತಿನ ಮೇಲೆ ಕತ್ತಿ ಇಟ್ಟಿರಲಿಲ್ಲ. ಲಾರಿ ತುಂಬಿಸಿಕೊಂಡು ಹೊರಟೆ.

ಮಧ್ಯಾಹ್ನ ಎರಡು ಗಂಟೆ ಇರಬಹುದು. ಚಾಚಾ ಲೋಟದಲ್ಲಿ ಪುಡಿ ನೆನೆಹಾಕಿ, ಸೋಸಿ, ನನ್ನ ಕೈಗೆ ಕೊಟ್ಟರು. ಅವರ ತುಟಿ ಒಣಗಿ ಬಿರುಕು ಬಿಟ್ಟಿತ್ತು. ನಾನು ನಾಲಿಗೆಯ ಅಂಚಿಗೆ ಬಿಟ್ಟುಕೊಂಡೆ. ಕೆನ್ನೆ ಎರಡೂ ಒಳಗೆ ಎಳೆದುಕೊಂಡವು.

"ಸಪ್ಪೆ" ಅಂದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಸಂಜೆ ತನಕ ಇರ್ತೀಯಾ? ಉಪವಾಸ ಬಿಟ್ಟ ಮೇಲೆ ನಾನೇ ಒಂದ್ಸಲ ನೋಡ್ತೀನಿ."

"ಲಾರಿ ಬೇರೆ ಕಡೆ ಒಪ್ಪಿಬಿಟ್ಟಿದೀನಿ ಚಾಚಾ. ನನ್ನ ಮೇಲೆ ನಂಬಿಕೆ ಇಲ್ವಾ?"

ನಂಬಿಕೆ ಅನ್ನುವ ಮಾತು ಅಲ್ಲಿ ಆಡಬಾರದಿತ್ತು. ಅದು ವ್ಯಾಪಾರದಲ್ಲಿ ನಾನು ಯಾವಾಗಲೂ ಕೊನೆಗೆ ಎಸೆಯುತ್ತಿದ್ದ ದಾಳ. ಯಾರಾದರೂ ನಿಮ್ಮ ಹತ್ತಿರ ಆ ಮಾತು ಆಡಿದರೆ ಮಾಲನ್ನು ಇನ್ನೊಂದು ಸಲ ನೋಡಿ.

ಚಾಚಾ ಹಿಂದಕ್ಕೆ ತಿರುಗಿ, "ಇಳಿಸ್ಕೊಳ್ರಪ್ಪಾ" ಅಂದರು. ಒಪ್ಪಿಕೊಂಡ ಮೇಲೆ ಸಂಜೆ ಮತ್ತೆ ಲೋಟ ಹಿಡಿದು ನೋಡುವ ಮನುಷ್ಯ ಅಲ್ಲ ಅವರು.

ಹತ್ತು ಹನ್ನೊಂದು ದಿನಕ್ಕೆ ಸುದ್ದಿ ಬಂತು. ಮೂರನೇ ಷೆಡ್ಡಿನ ಗಿಡಗಳ ಎಲೆತುದಿ ಸುಟ್ಟಿದೆಯಂತೆ. ನಾನು ಹೋದಾಗ ಗಂಗಮ್ಮ ಒಂದು ಗಿಡ ಕಿತ್ತು ತೋರಿಸಿದಳು. ಹಾಲಿನ ಹಾಗೆ ಬೆಳ್ಳಗಿರಬೇಕಾದ ಬೇರಿನ ತುದಿ ಕಂದು ಬಣ್ಣಕ್ಕೆ ತಿರುಗಿ, ಒಣಗಿದ ದಾರದ ಹಾಗೆ ಕೈಗೆ ಬಂತು. ಒಂದು ಷೆಡ್ಡು ಪೂರ್ತಿ ಹಾಗೇ. ಅವಳು ಅಳುತ್ತಿದ್ದಳು.

ಮ್ಯಾನೇಜರ ಕೋಣೆಗೆ ನಮ್ಮಿಬ್ಬರನ್ನೂ ಕರೆದರು. ಬಾಗಿಲು ತೆರೆದೇ ಇತ್ತು, ಕೆಲಸದವರೆಲ್ಲ ಹೊರಗೆ ನಿಂತಿದ್ದರು. ರುಚಿ ನೋಡಿದ್ದು ನಾನು ಅಂತ ಅವರಿಗೂ ಗೊತ್ತಿತ್ತು, ಆದರೆ ಚಾಚಾ ಬಾಯಿ ಬಿಡದೆ ಅವರು ಯಾರೂ ಬಿಡುವವರಲ್ಲ.

"ಈ ಲೋಡ್ ಪಾಸ್ ಮಾಡಿದ್ದು ಯಾರು?"

"ಇಳಿಸ್ಕೊಳ್ಳಿ ಅಂದಿದ್ದು ನಾನು" ಅಂದರು ಚಾಚಾ.

ಮ್ಯಾನೇಜರು ನನ್ನ ಕಡೆ ತಿರುಗಿದರು. "ನೀವೇನ್ರೀ? ಸರಿಯಾಗಿ ತೊಳ್ದಿದ್ರಾ?"

ಚಾಚಾ ನನ್ನನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ಸತ್ತ ಗಿಡ ನೋಡುತ್ತಿದ್ದರು. ನಾಲ್ಕೇ ನೀರು ಸಾರ್ ಅಂತ ಹೇಳೋಕೆ ಎಷ್ಟು ಹೊತ್ತು ಬೇಕು?

"ಏಳು ನೀರು ಕೊಟ್ಟಿದೀನಿ ಸಾರ್. ಬೇಕಾದ್ರೆ ಚಾಚಾನ್ನೇ ಕೇಳಿ" ಅಂದೆ.

ಮ್ಯಾನೇಜರು ಕೇಳಿದರು. ಚಾಚಾ, "ಅವನು ತಂದಿದ್ದನ್ನ ನಾನು ಒಪ್ಕೊಂಡೆ. ಜವಾಬ್ದಾರಿ ನಂದು" ಅಂದರು. ಅಷ್ಟೇ ಹೇಳಿದ್ದು. ಸುಳ್ಳೂ ಹೇಳಲಿಲ್ಲ, ನಿಜವನ್ನೂ ಬಿಚ್ಚಲಿಲ್ಲ.

"ಹಾಗಾದ್ರೆ ನಿಮ್ಮ ನಾಲಿಗೆ ಹೋಯ್ತು ಅಂತ ಆಯ್ತು. ವಯಸ್ಸಾಯ್ತಲ್ಲ ನಿಮಗೂ" ಅಂದರು ಮ್ಯಾನೇಜರು, ಹೊರಗಿನವರಿಗೂ ಕೇಳುವ ಹಾಗೆ. ಬಾಗಿಲಿಗೆ ಅಂಟಿಸಿದ ಚೀಟಿಯ ಮೇಲೆ ನೇತಾಡಿದ ಅಂಗಿಯ ಸೇಡನ್ನೆಲ್ಲ ಆ ಒಂದು ಮಾತಿನಲ್ಲಿ ತೀರಿಸಿಕೊಂಡರು ಅಂತ ನನಗೆ ಅನ್ನಿಸಿತು. ಷೆಡ್ಡಿನ ಕೆಲಸ ಬೇಡ, ಬೇಕಿದ್ದರೆ ಗೇಟಿನಲ್ಲಿ ಕೂತುಕೊಳ್ಳಲಿ ಅಂತ ತೀರ್ಮಾನವಾಯಿತು. ಹಬ್ಬಕ್ಕೆ ಇನ್ನು ಮೂರು ದಿನ ಇತ್ತು.

ಚಾಚಾ ಗೇಟಿನಲ್ಲಿ ಕೂರಲಿಲ್ಲ. ಅಂಗಿ ಹಾಕಿಕೊಂಡು, ಟಿಫನ್ ಡಬ್ಬಿ ಇಲ್ಲದ ಖಾಲಿ ಚೀಲ ಹಿಡಿದು ರಸ್ತೆಗೆ ಬಂದರು. ನಾನು ಹಿಂದೆಯೇ ಓಡಿದೆ. ಬಸ್ಸಿಗೆ ಕಾಯುತ್ತ ಹುಣಸೆಮರದ ಕೆಳಗೆ ನಿಂತಿದ್ದರು.

"ಚಾಚಾ, ರುಚಿ ನೋಡಿದ್ದು ನಾನು ಅಂತ ಯಾಕೆ ಹೇಳ್ಲಿಲ್ಲ ನೀವು?"

"ರೋಜಾ ಇದ್ದೆ, ಅದಕ್ಕೆ ಬೇರೆಯವನ ಕೈಲಿ ನೋಡಿಸ್ದೆ ಅಂದಿದ್ರೆ ಏನ್ ಮಾತಾಗ್ತಿತ್ತು? ರೋಜಾದಿಂದ ಷೆಡ್ಡು ಹೋಯ್ತು ಅಂತಿದ್ರು. ಒಳಗೆ ನಮ್ಮೋರು ಇನ್ನೂ ಇಬ್ರು ಇದಾರೆ. ಮುಂದಿನ ವರ್ಷ ಅವರನ್ನ ಇಟ್ಕೊಳ್ತಿದ್ರಾ?" ಬಸ್ಸು ಬರುವ ಕಡೆ ನೋಡುತ್ತಲೇ ಹೇಳಿದರು. "ನಿನ್ನ ಉಳಿಸ್ದೆ ಅಂತ ಮಾತ್ರ ತಿಳ್ಕೋಬೇಡ."

ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು.

"ನನಗೆ ಹೇಳೋ ಹಂಗಿರ್ಲಿಲ್ಲ. ನಿನಗೆ ಇತ್ತು. ನಾನು ಕಾದೆ ಕಣೋ, ಅಲ್ಲಿ."

ಬಸ್ಸು ಬಂತು, ಹತ್ತಿಕೊಂಡು ಹೋದರು.

ನಾಲಿಗೆ ಹೋದ ಮುದುಕ ಅನ್ನುವ ಮಾತು ಅವರಿಗಿಂತ ಮುಂಚೆ ಊರು ಸುತ್ತಿತು. ತುಮಕೂರಿನಲ್ಲಿ ಆಗ ಇನ್ನೂ ಎರಡು ನರ್ಸರಿಯವರು ಇದೇ ಬಾಟಲಿ ಗಿಡದ ಕೆಲಸಕ್ಕೆ ಇಳಿದಿದ್ದರು. ಇಬ್ಬರ ಹತ್ತಿರವೂ ಚಾಚಾ ಹೋಗಿ ಕೇಳಿದರಂತೆ. ಇಬ್ಬರೂ ಚಹಾ ಕೊಟ್ಟು ಕಳಿಸಿದರಂತೆ. ಖಾರ ಮುಟ್ಟದೆ, ಅಡಿಕೆ ಮುಟ್ಟದೆ ನಲವತ್ತು ವರ್ಷ ಕಾಪಾಡಿಕೊಂಡ ನಾಲಿಗೆ. ನನ್ನ ಒಂದು ಮಾತು ಅದನ್ನು ತೆಗೆಯಿತು. ಅದನ್ನು ವಾಪಸ್ ಕೊಡೋಕೂ ನನ್ನ ಒಂದು ಮಾತು ಸಾಕಿತ್ತು. ಈ ಲೋಡು ಮುಗಿಯಲಿ ಅಂದುಕೊಂಡೆ. ಮಳೆಗಾಲ ಕಳೆಯಲಿ ಅಂದುಕೊಂಡೆ. ಆಮೇಲೆ, ಇಷ್ಟು ದಿನ ಸುಮ್ಮನಿದ್ದು ಈಗ ಹೇಳಿದರೆ ನಗುತ್ತಾರೆ ಅಂದುಕೊಂಡೆ. ಈ ನಡುವೆ ನನ್ನ ವ್ಯಾಪಾರ ಬೆಳೆಯಿತು. ಎರಡನೇ ಬಾವಿ ತೋಡಿಸಿದೆ, ತೊಟ್ಟಿ ಕಟ್ಟಿಸಿದೆ. ಗುಬ್ಬಿ ಪುಡಿ ಅಂದರೆ ಸಪ್ಪೆ ಪುಡಿ, ಕಣ್ಣು ಮುಚ್ಚಿಕೊಂಡು ತಗೋಬಹುದು ಅಂತ ಹೆಸರಾಯಿತು. ಪ್ರತಿ ತೊಟ್ಟಿಯ ನೀರನ್ನೂ ನಾನೇ ನೋಡುತ್ತಿದ್ದೆ, ನಾಲಿಗೆಯ ಅಂಚಿಗೆ ಬಿಟ್ಟುಕೊಂಡು. ಕಲಿಸಿದವರು ಯಾರು ಅಂತ ಗಿರಾಕಿಗಳು ಕೇಳಿದರೆ, ಅನುಭವ ಅನ್ನುತ್ತಿದ್ದೆ.

ಎರಡು ವರ್ಷ ಆದ ಮೇಲೆ ಒಂದು ದಿನ, ಏನಾಯಿತೋ, ಮ್ಯಾನೇಜರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ. ನಾಲ್ಕು ನೀರು, ರೋಜಾ, ಲೋಟ, ಸಪ್ಪೆ ಅಂದದ್ದು, ಎಲ್ಲ. ಬೈಯುತ್ತಾರೆ, ಲೋಡು ನಿಲ್ಲಿಸುತ್ತಾರೆ ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ನನಗೂ ಅನುಮಾನ ಇತ್ತು ಕಣ್ರೀ. ಆದ್ರೆ ಮೇಲಿನೋರಿಗೆ ಒಬ್ಬರನ್ನ ತೋರಿಸ್ಬೇಕಿತ್ತು. ನಿಮ್ಮನ್ನ ತೋರಿಸಿದ್ರೆ ಪುಡಿ ಎಲ್ಲಿಂದ ತರ್ಲಿ ನಾನು?" ಆಮೇಲೆ ಕಪಾಟಿನಿಂದ ಒಂದು ಯಂತ್ರ ತೆಗೆದು ತೋರಿಸಿದರು, ಕೈಯಲ್ಲಿ ಹಿಡಿಯುವಂಥದ್ದು. ನೀರಿಗೆ ಅದ್ದಿದರೆ ಉಪ್ಪಿನಂಶ ಎಷ್ಟಿದೆ ಅಂತ ಮುಳ್ಳು ಹೇಳುತ್ತದಂತೆ. "ಈಗ ಯಾರ ನಾಲಿಗೇನೂ ಬೇಡ. ಹಳೇದೆಲ್ಲ ಬಿಡಿ. ಮುಂದಿನ ಲೋಡ್ ಯಾವಾಗ?"

ಮಾರನೇ ದಿನ ಕುಣಿಗಲ್‌ಗೆ ಹೋದೆ. ಚಾಚಾ ಅಲ್ಲಿ ಭಾವಮೈದುನನ ಸೌದೆ ಡಿಪೋದಲ್ಲಿ ತೂಕ ಹಾಕುವ ಕೆಲಸದಲ್ಲಿದ್ದರು. ಇನ್ನೂ ತೆಳ್ಳಗಾಗಿದ್ದರು. ಬಾಯಲ್ಲಿ ಎಲೆಅಡಿಕೆ. ತುಟಿಯ ಎರಡೂ ಕಡೆ ಕೆಂಪಗಾಗಿತ್ತು. ಅದನ್ನು ನೋಡಿದ ಮೇಲೆ ನಾನು ಹೇಳಬೇಕು ಅಂತ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಚಾಚಾ, ಮ್ಯಾನೇಜರ ಹತ್ರ ಎಲ್ಲಾ ಹೇಳ್ದೆ. ತಪ್ಪು ನಂದು ಅಂತ ಹೇಳ್ದೆ."

ಅವರು ತಕ್ಕಡಿಗೆ ಒಂದು ಕೊರಡು ಎತ್ತಿಟ್ಟರು. "ಏನಂದ್ರು?"

"ಹಳೇದೆಲ್ಲ ಬಿಡಿ ಅಂದ್ರು. ಮುಂದಿನ ಲೋಡ್ ಯಾವಾಗ ಅಂದ್ರು."

"ನೀನೇನಂದೆ?"

ಸುಳ್ಳು ಹೇಳಬಹುದಿತ್ತು. ಅವರ ಮುಂದೆ ಇನ್ನೊಂದು ಸಲ ಆಗಲಿಲ್ಲ.

"ಸೋಮವಾರ ಅಂದೆ."

ಚಾಚಾ ಪಕ್ಕಕ್ಕೆ ತಿರುಗಿ ಅಡಿಕೆ ಉಗುಳಿದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ. ನಾನು ಅವರಿಗೆ ಬಾಕಿ ಇಲ್ಲದ ಯಾರೋ ಗಿರಾಕಿ ಅನ್ನುವ ಹಾಗೆ ನೋಡಿದರು.

"ಸರಿ ಹಂಗಾದ್ರೆ, ಹೊರಡಿ. ಭಾನುವಾರ ತೊಳೀಬೇಕಲ್ಲ ನೀವು" ಅಂದರು.

ಅವರು ನನ್ನನ್ನು ನೀವು ಅಂದದ್ದು ಅದೊಂದೇ ಸಲ. ನಾನು ಹೊರಟುಬಂದೆ. ಭಾನುವಾರ ತೊಳೆದೆ, ಸೋಮವಾರ ಲೋಡು ಹೋಯಿತು.